ಭಾವನವರ ಷಷ್ಟಿಪೂರ್ತಿಗೆ ಉಡುಗೊರೆ: ಸೌರ ಚಾರ್ಜರ್ ಕೊಡುವುದೋ, ಕೈಯಿಂದ ತಿರುಗಿಸುವ ಚಾರ್ಜರ್ ಕೊಡುವುದೋ?

ಬಸವನಗುಡಿ_ವಾಸಿ
ಎಲ್ಲರಿಗೂ ನಮಸ್ಕಾರ. ಬರುವ ತಿಂಗಳು ನಮ್ಮ ಭಾವನವರ ಷಷ್ಟಿಪೂರ್ತಿ ಶಾಂತಿ ಇದೆ. ಬೆಂಗಳೂರಿನ ನೌಕರಿ ಮುಗಿಸಿದ ಮೇಲೆ ಅಕ್ಕ ಮತ್ತು ಭಾವ ತೀರ್ಥಹಳ್ಳಿ ಕಡೆಯ ತಮ್ಮ ಹಳೆಯ ಮನೆಯಲ್ಲಿ ನೆಲೆಸಿದ್ದಾರೆ. ಸುತ್ತಲೂ ಅಡಿಕೆ ತೋಟ, ನೆರೆಮನೆ ಎಂದರೆ ಗದ್ದೆ ದಾಟಿ ಹೋಗಬೇಕು. ತಂತಿಯ ಮೇಲೆ ಮರದ ಕೊಂಬೆ ಬಿತ್ತೆಂದರೆ ಕೆಲವೊಮ್ಮೆ ಎರಡು ಮೂರು ದಿನ ಕರೆಂಟು ಇರುವುದಿಲ್ಲ. ಅಕ್ಕನ ಫೋನು ಸ್ವಿಚ್ ಆಫ್ ಎಂದು ಬಂದಾಗಲೆಲ್ಲ ನಮಗೆ ಇಲ್ಲಿ ಊಟ ಸೇರುವುದಿಲ್ಲ.

ಶಾಲು, ಬೆಳ್ಳಿ ಲೋಟ ಕೊಡುವವರು ಬೇಕಾದಷ್ಟು ಜನ ಇದ್ದಾರೆ. ನಾನು ಅವರಿಗೆ ನಿಜವಾಗಿ ಉಪಯೋಗಕ್ಕೆ ಬರುವುದನ್ನು ಕೊಡಬೇಕೆಂದಿದ್ದೇನೆ. ಅಂಗಡಿಯಲ್ಲಿ ಮೂರು ಬಗೆಯನ್ನು ನೋಡಿದೆ: ಬೆನ್ನಿನ ಮೇಲೆ ಸೌರ ಫಲಕ ಅಂಟಿಸಿದ ಪವರ್ ಬ್ಯಾಂಕ್, ಹಿಡಿಕೆ ತಿರುಗಿಸಿದರೆ ಚಾರ್ಜ್ ಆಗುವ ಟಾರ್ಚು ಮತ್ತು ರೇಡಿಯೋ, ಹಾಗೂ ಚಾಪೆಯಂತೆ ಮಡಚಿಡಬಹುದಾದ ಸೌರ ಫಲಕ. ನಾಲ್ಕು ಸಾವಿರ ರೂಪಾಯಿಯವರೆಗೆ ಖರ್ಚು ಮಾಡಬಲ್ಲೆ. ಬಳಸಿ ಅನುಭವ ಇರುವವರು ದಯವಿಟ್ಟು ತಿಳಿಸಿ.

ಲೆಕ್ಕದ_ಮೇಷ್ಟ್ರು
ಮೊದಲನೆಯದನ್ನು ಪಟ್ಟಿಯಿಂದ ತೆಗೆದುಬಿಡಿ. ಕಾರಣವನ್ನು ಲೆಕ್ಕದಲ್ಲೇ ತೋರಿಸುತ್ತೇನೆ.

ನೆತ್ತಿಯ ಮೇಲಿನ ಸ್ವಚ್ಛ ಬಿಸಿಲು ಒಂದು ಚದರ ಮೀಟರಿಗೆ ಸುಮಾರು 1000 ವ್ಯಾಟ್ ಶಕ್ತಿ ತರುತ್ತದೆ. ಪವರ್ ಬ್ಯಾಂಕಿನ ಬೆನ್ನಿನ ಫಲಕ 14 ಸೆಂಟಿಮೀಟರ್ ಉದ್ದ, 7 ಸೆಂಟಿಮೀಟರ್ ಅಗಲ ಎಂದಿಟ್ಟುಕೊಂಡರೆ ಅದು ಒಂದು ಚದರ ಮೀಟರಿನ ನೂರರಲ್ಲಿ ಒಂದು ಪಾಲು. ಅದರ ಮೇಲೆ ಬೀಳುವುದು 10 ವ್ಯಾಟ್. ಒಳ್ಳೆಯ ಫಲಕ ಅದರಲ್ಲಿ ಶೇಕಡಾ 20ರಷ್ಟನ್ನು ವಿದ್ಯುತ್ತಾಗಿಸುತ್ತದೆ, ಅಂದರೆ 2 ವ್ಯಾಟ್. ಬಿಸಿಲು ಓರೆಯಾಗುವುದು, ಫಲಕ ಬಿಸಿಯಾಗುವುದು ಎಲ್ಲವನ್ನೂ ಕಳೆದರೆ ಒಂದರಿಂದ ಒಂದೂವರೆ ವ್ಯಾಟ್ ಉಳಿಯುತ್ತದೆ.

ಈಗ ಬ್ಯಾಟರಿಯ ಕಡೆ ನೋಡಿ. ಎಂಎಎಚ್ (ಮಿಲಿ ಆಂಪಿಯರ್ ಗಂಟೆ) ಎನ್ನುವುದು ಬ್ಯಾಟರಿ ಹಿಡಿಯುವ ಚಾರ್ಜಿನ ಅಳತೆ. 10,000 ಎಂಎಎಚ್ ಎಂದರೆ ಒಳಗಿನ ಸೆಲ್ಲಿನ 3.7 ವೋಲ್ಟಿನ ಲೆಕ್ಕದಲ್ಲಿ 37 ವ್ಯಾಟ್ ಗಂಟೆ, ಅಂದರೆ 37 ವ್ಯಾಟನ್ನು ಒಂದು ಗಂಟೆ ಕೊಡುವಷ್ಟು ಶಕ್ತಿ. ಒಂದೂವರೆ ವ್ಯಾಟಿನಲ್ಲಿ ಅದು ತುಂಬಲು 25 ಗಂಟೆಯ ಪೂರ್ಣ ಬಿಸಿಲು ಬೇಕು, ನಷ್ಟ ಸೇರಿಸಿದರೆ 30ರ ಹತ್ತಿರ. ಬೆಂಗಳೂರಿನಲ್ಲಿ ಬೆಳಗಿನಿಂದ ಸಂಜೆಯವರೆಗಿನ ಬಿಸಿಲನ್ನೆಲ್ಲ ಒಟ್ಟು ಮಾಡಿದರೂ ಸರಾಸರಿ ದಿನಕ್ಕೆ ಐದು ಗಂಟೆಯ ಪೂರ್ಣ ಬಿಸಿಲಿಗೆ ಸಮ. ಅಲ್ಲಿಗೆ ಆರು ದಿನ ಆಯಿತು, ಅದೂ ಒಂದು ಮೋಡವೂ ಅಡ್ಡ ಬರದಿದ್ದರೆ.

ಜಯನಗರದ_ಗೃಹಿಣಿ
ನನ್ನ ಮಗಳು ಅಂಥದ್ದೇ ಪವರ್ ಬ್ಯಾಂಕ್ ಹಿಡಿದು ಕುದುರೆಮುಖದ ಚಾರಣಕ್ಕೆ ಹೋಗಿದ್ದಳು. ಎರಡೂ ದಿನ ಫೋನು ನಡೆಯಿತು. ಪೂರ್ತಿ ನಿರುಪಯುಕ್ತ ಎನ್ನುವುದು ಸರಿಯಲ್ಲ ಎಂದು ನನ್ನ ಅಭಿಪ್ರಾಯ.

ಲೆಕ್ಕದ_ಮೇಷ್ಟ್ರು
ಮೇಡಂ, ನಿಮ್ಮ ಮಗಳ ಫೋನನ್ನು ನಡೆಸಿದ್ದು ಹೊರಡುವ ಮುನ್ನ ಮನೆಯ ಪ್ಲಗ್ಗಿನಲ್ಲಿ ತುಂಬಿಸಿದ ಚಾರ್ಜು. ಫಲಕ ಇಲ್ಲದ ಮಾಮೂಲಿ ಪವರ್ ಬ್ಯಾಂಕ್ ಕೂಡ ಅದೇ ಕೆಲಸವನ್ನು ಕಡಿಮೆ ಬೆಲೆಗೆ ಮಾಡುತ್ತಿತ್ತು.

ಎಸ್.ಪಿ.ರಸ್ತೆ_ರಿಪೇರಿ
ಮೇಷ್ಟ್ರು ಒಳ್ಳೆಯ ಫಲಕದ ಲೆಕ್ಕ ಹೇಳಿದ್ದಾರೆ. ನಮ್ಮ ಮೇಜಿಗೆ ಬರುವ ಅಗ್ಗದ ಮಾಲಿನ ಕಥೆ ಇನ್ನೂ ಕಷ್ಟ. ಮೊನ್ನೆ ಒಬ್ಬರು ತಂದ ಸೌರ ಪವರ್ ಬ್ಯಾಂಕನ್ನು ಬಿಚ್ಚಿದಾಗ ಫಲಕದಿಂದ ಬಂದ ಕೂದಲೆಳೆಯಷ್ಟು ತೆಳುವಾದ ಕೆಂಪು ಕಪ್ಪು ವಯರುಗಳ ಪೈಕಿ ಕಪ್ಪು ವಯರು ಬೋರ್ಡಿನಿಂದ ಕಳಚಿಕೊಂಡಿತ್ತು. ಬೆಸುಗೆ ಹಿಡಿದೇ ಇರಲಿಲ್ಲ, ಸೀಸದ ಗುಂಡು ಮಾತ್ರ ಬೋರ್ಡಿನ ಮೇಲೆ ಕುಳಿತಿತ್ತು. ಬಿಸಿಲಿಗೆ ಹಿಡಿದಾಗ ಉರಿಯುತ್ತಿದ್ದ ಹಸಿರು ದೀಪವನ್ನು ನೋಡಿ ಅವರು ಚಾರ್ಜ್ ಆಗುತ್ತಿದೆ ಎಂದೇ ನಂಬಿದ್ದರು.

ಇನ್ನೊಂದು ವಿಷಯ, ಮೇಲೆ ಬರೆದ ಎಂಎಎಚ್ ಅಂಕಿಯನ್ನು ತೂಕದೊಂದಿಗೆ ಹೋಲಿಸಿ. ಒಳಗಿರುವುದು 18650 ಎಂಬ ದುಂಡು ಸೆಲ್ಲಾದರೆ ಒಂದೊಂದೂ ಸುಮಾರು 45 ಗ್ರಾಂ ತೂಗುತ್ತದೆ ಮತ್ತು ಅತ್ಯುತ್ತಮ ಸೆಲ್ಲಿನಲ್ಲೂ ಸುಮಾರು 3500 ಎಂಎಎಚ್ ಹಿಡಿಯುತ್ತದೆ. 20,000 ಎಂದು ಬರೆದಿದ್ದರೆ ಆರು ಸೆಲ್ ಆದರೂ ಬೇಕು, ಸೆಲ್ಲಿನ ತೂಕವೇ ಕಾಲು ಕೆಜಿ ದಾಟುತ್ತದೆ. ಅಂಗೈಯಲ್ಲಿ ಇಟ್ಟಾಗ ಹಗುರವೆನಿಸಿದರೆ ಅಂಗಡಿಯವನಿಗೆ ವಾಪಸ್ ಕೊಟ್ಟು ಬನ್ನಿ. ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ನೋಂದಣಿ ಸಂಖ್ಯೆ, ಅಂದರೆ ಆರ್ ಅಕ್ಷರದ ಮುಂದೆ ಎಂಟು ಅಂಕಿ, ಪೆಟ್ಟಿಗೆಯ ಮೇಲಿರಬೇಕು. ಬಿಐಎಸ್ ಕೇರ್ ಆ್ಯಪಿನಲ್ಲಿ ಆ ಸಂಖ್ಯೆಯನ್ನು ಹಾಕಿದರೆ ಅದು ನಿಜವೋ ಸುಳ್ಳೋ ತಿಳಿಯುತ್ತದೆ.

ವಿಜಯನಗರ_ರಾಯರು
ಬಿಸಿಲಿನ ಕಾವನ್ನೂ ಮರೆಯಬೇಡಿ. ಲಿಥಿಯಂ ಬ್ಯಾಟರಿಯನ್ನು 45 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಚಾರ್ಜ್ ಮಾಡಬಾರದು. ಫಲಕಕ್ಕೆ ಬಿಸಿಲು ಬೇಕು, ಬ್ಯಾಟರಿಗೆ ನೆರಳು ಬೇಕು, ಎರಡನ್ನೂ ಒಂದೇ ಕಪ್ಪು ಡಬ್ಬಿಯಲ್ಲಿ ಕೂಡಿಸಿದ್ದೇ ಮೂಲ ದೋಷ.

ಆಗುಂಬೆ_ಮೂಲ
ಬಸವನಗುಡಿಯವರೇ, ಎಲ್ಲಕ್ಕಿಂತ ಮೊದಲು ಒಂದು ಪ್ರಶ್ನೆ. ಅಲ್ಲಿ ಕರೆಂಟು ಹೋಗುವುದು ಯಾವ ತಿಂಗಳಲ್ಲಿ?

ಬಸವನಗುಡಿ_ವಾಸಿ
ಹೆಚ್ಚಾಗಿ ಜೂನ್‌ನಿಂದ ಆಗಸ್ಟ್‌ವರೆಗೆ. ಬೇಸಿಗೆಯಲ್ಲಿ ಹೋದರೆ ಕೆಲವು ಗಂಟೆಗಳಲ್ಲಿ ಬರುತ್ತದೆ.

ಆಗುಂಬೆ_ಮೂಲ
ಹಾಗಿದ್ದರೆ ಉತ್ತರ ಅಲ್ಲೇ ಇದೆ. ನಿಮ್ಮ ಭಾವನವರ ಮನೆಯಲ್ಲಿ ಕರೆಂಟು ಕೈಕೊಡುವುದೂ ಸೂರ್ಯ ಮರೆಯಾಗುವುದೂ ಒಂದೇ ಮಳೆಯಿಂದ. ಬೆಂಗಳೂರಿನಲ್ಲಿ ಕುಳಿತು ಉಡುಗೊರೆ ಆರಿಸುವವರು ತಮ್ಮ ತಾರಸಿಯ ಬಿಸಿಲನ್ನು ಕಣ್ಮುಂದೆ ಇಟ್ಟುಕೊಳ್ಳುತ್ತಾರೆ. ಆಷಾಢದಲ್ಲಿ ನಮ್ಮ ಕಡೆ ಹಾಸಿದ ಬಟ್ಟೆ ವಾರವಾದರೂ ಒಣಗುವುದಿಲ್ಲ, ಒಲೆಯ ಮೇಲಿನ ಅಟ್ಟಕ್ಕೆ ಕಟ್ಟಿ ಒಣಗಿಸುತ್ತೇವೆ. ಅಲ್ಲಿ ಸೌರ ಫಲಕವನ್ನು ಎಲ್ಲಿ ಹಾಸುತ್ತೀರಿ? ಸೌರಶಕ್ತಿಯ ಬಗ್ಗೆ ನನಗೆ ತಕರಾರಿಲ್ಲ. ಪಾವಗಡದಲ್ಲಿ 2050 ಮೆಗಾವ್ಯಾಟಿನ ಸೌರ ಪಾರ್ಕ್ ನಡೆಯುತ್ತಿರುವುದು ಅಲ್ಲಿ ಮಳೆ ಕಡಿಮೆ, ಬಯಲು ಹೆಚ್ಚು ಎಂಬ ಕಾರಣಕ್ಕೆ. ಅದೇ ಫಲಕವನ್ನು ಜುಲೈ ತಿಂಗಳಲ್ಲಿ ತೀರ್ಥಹಳ್ಳಿಗೆ ತಂದರೆ ಅಷ್ಟು ಕೆಲಸ ಮಾಡುವುದಿಲ್ಲ.

ಲೆಕ್ಕದ_ಮೇಷ್ಟ್ರು
ಒಂದು ತಿದ್ದುಪಡಿ. ಮೋಡ ಕವಿದಾಗಲೂ ಫಲಕದಿಂದ ಏನೂ ಬರುವುದಿಲ್ಲ ಎಂದಲ್ಲ, ದಟ್ಟ ಮೋಡದಲ್ಲೂ ಹತ್ತರಿಂದ ಇಪ್ಪತ್ತು ಶೇಕಡಾ ಬರುತ್ತದೆ. 20 ವ್ಯಾಟಿನ ಮಡಚುವ ಫಲಕವಾದರೆ ಒಂದೆರಡು ವ್ಯಾಟ್ ಸಿಗುತ್ತದೆ, ದಿನವಿಡೀ ಇಟ್ಟರೆ ಒಂದು ಫೋನಿನ ಅರ್ಧದಷ್ಟಾದರೂ ತುಂಬಬಹುದು. ಪವರ್ ಬ್ಯಾಂಕಿನ ಬೆನ್ನಿನ ಫಲಕದಿಂದ ಮಾತ್ರ ಆಗ ಏನನ್ನೂ ನಿರೀಕ್ಷಿಸುವಂತಿಲ್ಲ.

ಆಗುಂಬೆ_ಮೂಲ
ಸ್ವಾಮಿ, ಅದಕ್ಕೆ ಫಲಕ ಮಳೆಯಲ್ಲಿ ಹೊರಗಿರಬೇಕಲ್ಲವೇ? ಬಟ್ಟೆಯ ಮೇಲೆ ಹೊಲಿದ ಈ ಫಲಕಗಳು ತುಂತುರನ್ನು ತಡೆಯುತ್ತವೆ, ಆದರೆ ವಯರು ಸಿಕ್ಕಿಸುವ ಯುಎಸ್‌ಬಿ ಡಬ್ಬಿ ಮಲೆನಾಡಿನ ಜಡಿಮಳೆಯಲ್ಲಿ ನೆನೆದರೆ ಉಳಿಯುವುದಿಲ್ಲ. ಕಿಟಕಿಯ ಒಳಗೆ, ಹೆಂಚಿನ ಸೂರಿನ ಕೆಳಗೆ ಇಟ್ಟರೆ ಬೆಳಕು ಹೊರಗಿನ ಬೆಳಕಿನ ಒಂದು ಚೂರು ಮಾತ್ರ.

ಲೆಕ್ಕದ_ಮೇಷ್ಟ್ರು
ಅದನ್ನು ಒಪ್ಪುತ್ತೇನೆ.

ಸೈಕಲ್_ಸವಾರ
ಹಾಗಾದರೆ ಮನುಷ್ಯನ ಶಕ್ತಿಯೇ ಸರಿ ಎಂದು ನಾನು ವಾದಿಸುತ್ತೇನೆ. ಮಳೆ ಇರಲಿ, ರಾತ್ರಿ ಇರಲಿ, ಕೈಕಾಲು ಆಡುವವರೆಗೆ ಅದು ಲಭ್ಯ. ಫ್ಯಾರಡೆ 1831ರಲ್ಲಿ ತೋರಿಸಿಕೊಟ್ಟ ತತ್ತ್ವವೇ ಇಂದಿಗೂ ಇದರ ಆಧಾರ: ಸುರುಳಿಯ ಬಳಿ ಅಯಸ್ಕಾಂತ ತಿರುಗಿದರೆ ವಿದ್ಯುತ್ ಹುಟ್ಟುತ್ತದೆ. ಫಲಕದಂತೆ ಧೂಳು, ಕೋನ, ನೆರಳು ಎಂಬ ಚಿಂತೆ ಇಲ್ಲ.

ಆದರೆ ಕೈಗೂ ಕಾಲಿಗೂ ಇರುವ ಅಂತರವನ್ನು ತಿಳಿದು ಕೊಳ್ಳಬೇಕು. ಆರೋಗ್ಯವಂತ ವಯಸ್ಕರು ಪೆಡಲ್ ತುಳಿದರೆ 75 ವ್ಯಾಟಿನಷ್ಟನ್ನು ಸಾಕಷ್ಟು ಹೊತ್ತು ಕೊಡಬಲ್ಲರು. ಅಂಗೈಯಲ್ಲಿ ಹಿಡಿದು ತಿರುಗಿಸುವ ಪುಟ್ಟ ಹಿಡಿಕೆಯಿಂದ ಎರಡರಿಂದ ಐದು ವ್ಯಾಟ್ ಬಂದರೆ ಹೆಚ್ಚು. ಸೈಕಲ್ಲಿನ ಚಕ್ರದ ನಡುವೆ ಕೂರಿಸುವ ಡೈನಮೊ ಕೂಡ ವಾಡಿಕೆಯಂತೆ 6 ವೋಲ್ಟ್, 3 ವ್ಯಾಟ್ ಮಾತ್ರ, ಏಕೆಂದರೆ ಅದನ್ನು ದೀಪಕ್ಕೆಂದು ಮಾಡಿದ್ದು. ಅದರಿಂದ ಬರುವುದು ದಿಕ್ಕು ಬದಲಿಸುತ್ತಲೇ ಇರುವ ಎಸಿ ವಿದ್ಯುತ್ತಾದ್ದರಿಂದ ಒಂದೇ ದಿಕ್ಕಿನಲ್ಲಿ ಹರಿಯುವ ಡಿಸಿಗೆ ತಿರುಗಿಸಿ 5 ವೋಲ್ಟಿಗೆ ನಿಲ್ಲಿಸುವ ಸರ್ಕ್ಯೂಟ್ ಬೇರೆ ಬೇಕು.

ಲೆಕ್ಕದ_ಮೇಷ್ಟ್ರು
ನಿಮ್ಮದೇ ಅಂಕಿಯನ್ನು ಇಟ್ಟುಕೊಂಡು ನೋಡೋಣ. ಇಂದಿನ ಸ್ಮಾರ್ಟ್‌ಫೋನಿನ 5000 ಎಂಎಎಚ್ ಬ್ಯಾಟರಿಯಲ್ಲಿ ಸುಮಾರು 19 ವ್ಯಾಟ್ ಗಂಟೆ ಹಿಡಿಯುತ್ತದೆ. ಐದು ವ್ಯಾಟಿನಂತೆ ಬಿಡದೆ ತಿರುಗಿಸಿದರೂ ನಾಲ್ಕು ಗಂಟೆ, ನಷ್ಟ ಸೇರಿ ಐದು. ಅರವತ್ತು ತುಂಬಿದವರಿಗೆ ಇದನ್ನು ಉಡುಗೊರೆ ಎಂದು ಹೇಗೆ ಕೊಡುತ್ತೀರಿ?

ಬಸವನಗುಡಿ_ವಾಸಿ
ಭಾವನವರಿಗೆ ಬಲಭುಜದ ನೋವು ಬೇರೆ ಇದೆ. ಐದು ಗಂಟೆಯ ಮಾತಿರಲಿ, ಐದು ನಿಮಿಷ ತಿರುಗಿಸಿದರೂ ಅಕ್ಕ ನನ್ನನ್ನು ಬೈಯುತ್ತಾಳೆ.

ಸೈಕಲ್_ಸವಾರ
ಪೂರ್ತಿ ತುಂಬಿಸುವುದು ಯಾಕೆ? ಅಪಾಯದ ಹೊತ್ತಿನಲ್ಲಿ ಒಂದು ಕರೆ ಮಾಡುವಷ್ಟು ಸಿಕ್ಕರೆ ಸಾಲದೇ?

ಎಸ್.ಪಿ.ರಸ್ತೆ_ರಿಪೇರಿ
ಆ ಒಂದು ಕರೆಯೇ ಕಷ್ಟ, ಸರ್. ಪೂರ್ತಿ ಖಾಲಿಯಾದ ಸ್ಮಾರ್ಟ್‌ಫೋನು ಕೆಲವು ಶೇಕಡಾ ತುಂಬುವವರೆಗೆ ಆನ್ ಆಗುವುದೇ ಇಲ್ಲ, ಆನ್ ಆಗುವಾಗ ಒಮ್ಮೆಲೇ ಹೆಚ್ಚು ವಿದ್ಯುತ್ತನ್ನು ಎಳೆದುಕೊಳ್ಳುತ್ತದೆ. ಹಿಡಿಕೆಯ ವೇಗ ಏರಿಳಿದಂತೆ ಕರೆಂಟೂ ಏರಿಳಿಯುವುದರಿಂದ ಫೋನು ಚಾರ್ಜಿಂಗ್ ಎಂದು ತೋರಿಸುವುದು, ನಿಲ್ಲಿಸುವುದು, ಮತ್ತೆ ತೋರಿಸುವುದು ನಡೆಯುತ್ತದೆ. ಅದಕ್ಕಾಗಿ ಒಳಗೆ ಪುಟ್ಟ ಬ್ಯಾಟರಿ ಇರುವ ಮಾದರಿಯನ್ನು ಕೊಳ್ಳಬೇಕು. ತಿರುಗಿಸಿದ್ದು ಮೊದಲು ಆ ಬ್ಯಾಟರಿಗೆ ಹೋಗಿ, ಅಲ್ಲಿಂದ ಒಂದೇ ಸಮನಾಗಿ ಫೋನಿಗೆ ಹೋಗುತ್ತದೆ.

ಇದಕ್ಕಿಂತ ಒಳ್ಳೆಯ ಉಪಾಯವೊಂದಿದೆ. ಜೊತೆಗೆ ಒಂದು ಕೀಪ್ಯಾಡ್ ಫೋನು ಕೊಡಿಸಿ. ಅದರ ಬ್ಯಾಟರಿ 1000 ಎಂಎಎಚ್, ಅಂದರೆ ನಾಲ್ಕು ವ್ಯಾಟ್ ಗಂಟೆಯೂ ಇಲ್ಲ. ಸುಮ್ಮನೆ ಇಟ್ಟರೆ ದಿನಗಟ್ಟಲೆ ಬಾಳುತ್ತದೆ. ಹತ್ತು ನಿಮಿಷ ಹಿಡಿಕೆ ತಿರುಗಿಸಿದರೆ ಅದರ ಹತ್ತನೆಯ ಒಂದು ಪಾಲು ತುಂಬುತ್ತದೆ, ಅಷ್ಟರಲ್ಲಿ ಒಂದೆರಡು ಕರೆ ಧಾರಾಳವಾಗಿ ಆಗುತ್ತದೆ. ಅಲ್ಲಿ ಸಿಗುವ ಸಿಮ್ ಹಳೆಯ 2ಜಿ ಫೋನಿನಲ್ಲಿ ನಡೆಯುತ್ತದೆಯೇ, 4ಜಿ ಕೀಪ್ಯಾಡ್ ಫೋನೇ ಬೇಕೇ ಎಂದು ಮಾತ್ರ ಮೊದಲೇ ವಿಚಾರಿಸಿ.

ಜಯನಗರದ_ಗೃಹಿಣಿ
ಕೀಪ್ಯಾಡ್ ಫೋನಿನ ಸಲಹೆ ಬಹಳ ಹಿಡಿಸಿತು. ನಮ್ಮ ಅತ್ತೆಯವರಿಗೂ ಕೊಡಿಸುತ್ತೇನೆ.

ಆಗುಂಬೆ_ಮೂಲ
ಎಲ್ಲರೂ ಫೋನಿನ ಬಗ್ಗೆಯೇ ಮಾತನಾಡುತ್ತಿದ್ದೀರಿ. ಕರೆಂಟು ಹೋಗಿ ಹೊತ್ತಾದರೆ ಟವರಿನ ಬ್ಯಾಟರಿಯೂ ಮುಗಿಯುತ್ತದೆ. ಆಗ ಕೈಯಲ್ಲಿರುವ ಫೋನು ನೂರಕ್ಕೆ ನೂರು ತುಂಬಿದ್ದರೂ ಸಿಗ್ನಲ್ ಇರುವುದಿಲ್ಲ. ಆ ಹೊತ್ತಿಗೆ ಬೇಕಾಗುವುದು ಬೆಳಕು ಮತ್ತು ಸುದ್ದಿ. ಹಿತ್ತಲಿನ ಕೊಟ್ಟಿಗೆಗೆ ಹೋಗಲು ಟಾರ್ಚು ಬೇಕು, ಹೊಳೆ ಏರಿದೆಯೇ, ಶಾಲೆಗೆ ರಜೆಯೇ ಎಂದು ತಿಳಿಯಲು ಆಕಾಶವಾಣಿ ಭದ್ರಾವತಿ ಬೇಕು. ಕೈಯಿಂದ ತಿರುಗಿಸುವ ಯಂತ್ರಕ್ಕೆ ನಿಜವಾದ ಬೆಲೆ ಇರುವುದು ಅಲ್ಲಿ.

ಲೆಕ್ಕದ_ಮೇಷ್ಟ್ರು
ಇದನ್ನು ಮನಸಾರೆ ಒಪ್ಪುತ್ತೇನೆ. ಸಣ್ಣ ಎಲ್‌ಇಡಿ ದೀಪಕ್ಕೆ ಅರ್ಧ ವ್ಯಾಟೂ ಬೇಕಿಲ್ಲ, ಪುಟ್ಟ ರೇಡಿಯೋ ಅದಕ್ಕಿಂತಲೂ ಕಡಿಮೆಯಲ್ಲಿ ಹಾಡುತ್ತದೆ. ಒಂದು ನಿಮಿಷ ತಿರುಗಿಸಿದ್ದು ಹಲವು ನಿಮಿಷದ ಬೆಳಕಾಗುತ್ತದೆ. ಬ್ರಿಟನ್ನಿನ ಟ್ರೆವರ್ ಬೇಲಿಸ್ 1991ರಲ್ಲಿ ಕೀ ಕೊಟ್ಟು ನಡೆಸುವ ರೇಡಿಯೋವನ್ನು ರೂಪಿಸಿದ್ದೂ ಆಫ್ರಿಕಾದಲ್ಲಿ ಕರೆಂಟಿಲ್ಲದ, ಸೆಲ್ ಕೊಳ್ಳಲಾಗದ ಜನರಿಗೆ ಏಡ್ಸ್ ರೋಗದ ಬಗ್ಗೆ ಮಾಹಿತಿ ತಲುಪಲಿ ಎಂದು. ಮನುಷ್ಯನ ತೋಳಿನ ಶಕ್ತಿ ಯಾವುದಕ್ಕೆ ಸಾಲುತ್ತದೆ ಎಂಬುದನ್ನು ಅವರು ಸರಿಯಾಗಿ ಗ್ರಹಿಸಿದ್ದರು.

ವಿಜಯನಗರ_ರಾಯರು
ರೇಡಿಯೋ ಕೊಳ್ಳುವಾಗ ಎಫ್‌ಎಂ ಜೊತೆಗೆ ಮೀಡಿಯಂ ವೇವ್ ಕೂಡ ಇರುವುದನ್ನು ಆರಿಸಿ. ಗುಡ್ಡದ ಮರೆಯಲ್ಲಿ ಎಫ್‌ಎಂ ಸರಿಯಾಗಿ ಸಿಗುವುದಿಲ್ಲ. ಹಿಡಿಕೆಯ ಬುಡವನ್ನು ಅಂಗಡಿಯಲ್ಲೇ ಬಿಚ್ಚಿ ತಿರುಗಿಸಿ ನೋಡಿ: ಒಳಗಿನ ಹಲ್ಲುಚಕ್ರ ಪ್ಲಾಸ್ಟಿಕ್ಕಿನದಾಗಿ ಕಟಕಟ ಎಂದು ಜಾರುತ್ತಿದ್ದರೆ ಅದು ಒಂದು ಮಳೆಗಾಲವನ್ನೂ ದಾಟುವುದಿಲ್ಲ.

ಮಲ್ಲೇಶ್ವರ_ಅನಿವಾಸಿ
ಸೆಲ್ಕೋ ಸಂಸ್ಥೆಯ ಮಾದರಿಯ ಮನೆ ದೀಪದ ವ್ಯವಸ್ಥೆಯನ್ನು ಯಾಕೆ ಯಾರೂ ಹೇಳಲಿಲ್ಲ? ಹರೀಶ್ ಹಂದೆಯವರು 1995ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿ ಹಳ್ಳಿಯ ಮನೆಗಳಿಗೆ ಸೌರ ದೀಪ ಹಾಕಿಸಿದರು, ಅದಕ್ಕಾಗಿ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿಯೂ ಬಂತು. ಮಾಡಿನ ಮೇಲೆ ಒಂದು ಫಲಕವನ್ನು ಕಾಯಂ ಆಗಿ ಕೂರಿಸಿ, ಒಳಗೆ ದೊಡ್ಡ ಬ್ಯಾಟರಿ ಇಟ್ಟರೆ ಮೋಡದ ಬೆಳಕಿನಲ್ಲೂ ಅಷ್ಟಿಷ್ಟು ತುಂಬುತ್ತಲೇ ಇರುತ್ತದೆ. ಮಳೆಯಲ್ಲಿ ಒಳಗೆ ತರುವ, ಹೊರಗೆ ಇಡುವ ಗೋಜೂ ಇರುವುದಿಲ್ಲ.

ಬಸವನಗುಡಿ_ವಾಸಿ
ಅದು ಒಳ್ಳೆಯದೇ, ಆದರೆ ನಾಲ್ಕು ಸಾವಿರಕ್ಕೆ ಆಗುವುದಿಲ್ಲ. ಮಾಡಿನ ಹೆಂಚನ್ನು ಮುಟ್ಟುವ ಕೆಲಸವಾದ್ದರಿಂದ ಭಾವನವರನ್ನು ಕೇಳದೆ ಮಾಡಿಸುವಂತೆಯೂ ಇಲ್ಲ.

ಎಸ್.ಪಿ.ರಸ್ತೆ_ರಿಪೇರಿ
ಅವರ ಬಳಿ ಕಾರು ಇದೆಯೇ? ಇದ್ದರೆ ಸಿಗರೇಟ್ ಲೈಟರ್ ತೂತಿಗೆ ಸಿಕ್ಕಿಸುವ ಒಳ್ಳೆಯ ಕಾರ್ ಚಾರ್ಜರ್ ಕೊಡಿ. ಎಂಜಿನ್ ಚಾಲೂ ಇಟ್ಟು, ಕಾರನ್ನು ಬಯಲಲ್ಲಿ ನಿಲ್ಲಿಸಿ ಚಾರ್ಜ್ ಮಾಡಿದರೆ ಯಾವ ಫಲಕಕ್ಕಿಂತಲೂ ಬೇಗ ಆಗುತ್ತದೆ. ಮುಚ್ಚಿದ ಶೆಡ್ಡಿನೊಳಗೆ ಎಂಜಿನ್ ಚಾಲೂ ಇಡಲೇಬಾರದು, ಹೊಗೆ ಪ್ರಾಣಕ್ಕೆ ಅಪಾಯ.

ಬಸವನಗುಡಿ_ವಾಸಿ
ಕಾರು ಇದೆ. ಇದು ನನಗೆ ಹೊಳೆದೇ ಇರಲಿಲ್ಲ.

ಸೈಕಲ್_ಸವಾರ
ಎಲ್ಲರೂ ಸೇರಿ ಮಡಚುವ ಫಲಕವನ್ನು ಪೂರ್ತಿ ತಳ್ಳಿಹಾಕುವಂತಿದೆ. ನವೆಂಬರಿನಿಂದ ಮೇ ತಿಂಗಳವರೆಗೆ ಅಲ್ಲಿ ಒಳ್ಳೆಯ ಬಿಸಿಲಿರುತ್ತದೆ. ತೋಟದಲ್ಲಿ ದಿನವಿಡೀ ಇರುವವರಿಗೆ ಅದು ಖಂಡಿತ ಉಪಯೋಗ.

ಆಗುಂಬೆ_ಮೂಲ
ತೋಟದೊಳಗೆ ಅಲ್ಲ, ದಯವಿಟ್ಟು. ಫಲಕದ ಕೋಶಗಳು ಸಾಲಾಗಿ ಜೋಡಣೆಯಾಗಿರುತ್ತವೆ, ಒಂದು ಕೋಶದ ಮೇಲೆ ಸೋಗೆಯ ನೆರಳು ಬಿದ್ದರೂ ಇಡೀ ಸಾಲಿನ ಕರೆಂಟು ಕುಸಿಯುತ್ತದೆ. ಅಡಿಕೆ ಒಣಗಿಸುವ ಅಂಗಳವೇ ಇದಕ್ಕೆ ತಕ್ಕ ಜಾಗ, ಅಲ್ಲಿ ನೆರಳು ಬೀಳದಂತೆ ಮನೆಯವರು ಮೊದಲೇ ನೋಡಿಕೊಂಡಿರುತ್ತಾರೆ. ಡಿಸೆಂಬರ್, ಜನವರಿಯಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ಫಲಕವನ್ನು ನೆಲದ ಮೇಲೆ ಚಪ್ಪಟೆಯಾಗಿ ಹಾಸದೆ ದಕ್ಷಿಣಕ್ಕೆ ಮುಖ ಮಾಡಿ ಒಂದು ಮರದ ತುಂಡಿಗೆ ಒರಗಿಸಿಡಲಿ. ಪವರ್ ಬ್ಯಾಂಕ್ ಫಲಕದ ಹಿಂದಿನ ನೆರಳಿನಲ್ಲಿರಲಿ.

ಲೆಕ್ಕದ_ಮೇಷ್ಟ್ರು
ಫಲಕದಿಂದ ಫೋನನ್ನು ನೇರವಾಗಿ ಚಾರ್ಜ್ ಮಾಡುವುದಕ್ಕಿಂತ ಪವರ್ ಬ್ಯಾಂಕನ್ನು ತುಂಬಿಸಿಕೊಳ್ಳುವುದು ಮೇಲು. ಮೋಡ ಹಾದುಹೋದಾಗ ಕರೆಂಟು ಕುಸಿದು ಎಷ್ಟೋ ಫೋನುಗಳು ಚಾರ್ಜಿಂಗ್ ನಿಲ್ಲಿಸುತ್ತವೆ, ಬಿಸಿಲು ಮರಳಿದರೂ ತಾವಾಗಿ ಮತ್ತೆ ಶುರು ಮಾಡುವುದಿಲ್ಲ. 20 ವ್ಯಾಟ್ ಎಂದು ಬರೆದ ಫಲಕದಿಂದ ಹನ್ನೆರಡು, ಹದಿನಾಲ್ಕು ಬಂದರೆ ಅದು ಪ್ರಾಮಾಣಿಕ ಮಾಲು ಎಂದು ತಿಳಿಯಿರಿ.

ಬಸವನಗುಡಿ_ವಾಸಿ
ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ಫಲಕವಿಲ್ಲದ, ನೋಂದಣಿ ಸಂಖ್ಯೆಯುಳ್ಳ 20,000 ಎಂಎಎಚ್ ಪವರ್ ಬ್ಯಾಂಕ್, ಮೀಡಿಯಂ ವೇವ್ ಇರುವ ಹಿಡಿಕೆಯ ಟಾರ್ಚು ರೇಡಿಯೋ, ಕಾರ್ ಚಾರ್ಜರ್, ಇಷ್ಟನ್ನು ಒಂದು ಬುಟ್ಟಿಯಲ್ಲಿಟ್ಟು ಕೊಡುತ್ತೇನೆ. ಕೀಪ್ಯಾಡ್ ಫೋನನ್ನು ಅಕ್ಕನಿಗೆಂದು ತಮ್ಮನಿಂದ ಕೊಡಿಸುತ್ತೇನೆ. ಮಡಚುವ ಫಲಕದ ವಿಚಾರವನ್ನು ಮಳೆಗಾಲ ಮುಗಿದ ಮೇಲೆ ಭಾವನವರನ್ನೇ ಕೇಳಿ ನಿರ್ಧರಿಸುತ್ತೇನೆ.

ವಿಜಯನಗರ_ರಾಯರು
ಪವರ್ ಬ್ಯಾಂಕನ್ನು ವರ್ಷಪೂರ್ತಿ ಕಪಾಟಿನಲ್ಲಿ ಮಲಗಿಸಬೇಡಿ ಎಂದು ಹೇಳಿ ಕೊಡಿ. ಬೇಸಿಗೆಯಲ್ಲಿ ಅರ್ಧ ಚಾರ್ಜಿನಲ್ಲಿಟ್ಟು ಮೂರು ತಿಂಗಳಿಗೊಮ್ಮೆ ನೋಡಿದರೆ ಬ್ಯಾಟರಿ ಹೆಚ್ಚು ಬಾಳುತ್ತದೆ, ಜೂನ್ ಬಂದ ಮೇಲೆ ಮಾತ್ರ ಸದಾ ತುಂಬಿಸಿಟ್ಟಿರಬೇಕು. ಮಲೆನಾಡಿನ ತೇವಕ್ಕೆ ಯುಎಸ್‌ಬಿ ತೂತು ಕಿಲುಬು ಹಿಡಿಯುತ್ತದೆ, ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಡಲಿ.

ಮಲ್ಲೇಶ್ವರ_ಅನಿವಾಸಿ
ಶಿವಮೊಗ್ಗದವರೆಗೆ ವಿಮಾನದಲ್ಲಿ ಹೋಗುವ ಯೋಚನೆ ಇದ್ದರೆ ಆ ಬುಟ್ಟಿಯನ್ನು ಲಗೇಜಿಗೆ ಹಾಕಬೇಡಿ. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು ಎಂಬುದು ನಿಯಮ.

ಬಸವನಗುಡಿ_ವಾಸಿ
20,000 ಎಂಎಎಚ್ ಆದರೆ ಕೈಚೀಲದಲ್ಲಿ ಬಿಡುತ್ತಾರೆಯೇ?

ಲೆಕ್ಕದ_ಮೇಷ್ಟ್ರು
ಬಿಡುತ್ತಾರೆ. ಮಿತಿ ಇರುವುದು 100 ವ್ಯಾಟ್ ಗಂಟೆ, ನಿಮ್ಮದು 74. ಆ ಅಂಕಿ ಪವರ್ ಬ್ಯಾಂಕಿನ ಮೇಲೆ ಅಳಿಸದಂತೆ ಅಚ್ಚಾಗಿದೆಯೇ ಎಂದು ಮಾತ್ರ ಕೊಳ್ಳುವಾಗಲೇ ನೋಡಿಕೊಳ್ಳಿ, ತಪಾಸಣೆಯವರು ಓದುವುದು ಅದನ್ನೇ.